ಟ್ರಂಕಿನ ಕಳಕಪ್ಪ ಮತ್ತು ತಾವರಗೇರಾದ ಕಾರು

ಯಲಬುರ್ಗಾದಲ್ಲಿ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ ಆ ಸುದ್ದಿ ಮೊದಲು ಮುಟ್ಟುತ್ತಿದ್ದುದು ಕಳಕಪ್ಪನಿಗೆ. ಹೆಣ್ಣಿನ ಕಡೆಯವರು ಲಗ್ನಪತ್ರಿಕೆ ಬರೆಸುವ ಮೊದಲೇ ಅವನ ಅಂಗಡಿಗೆ ಬಂದು ಟ್ರಂಕು ಹೇಳಿ ಹೋಗುತ್ತಿದ್ದರು. ಹಸಿರು ಬಣ್ಣದ ತಗಡಿನ ಟ್ರಂಕು, ಮುಚ್ಚಳದ ಮೇಲೆ ಕೆಂಪು ಹೂವಿನ ಬಳ್ಳಿ, ಬಳ್ಳಿಯ ಎರಡು ತುದಿಗೆ ಮುಖಾಮುಖಿ ಕುಳಿತ ಎರಡು ಗಿಣಿ. ಇಪ್ಪತ್ತು ವರ್ಷ ಅವನು ಇದನ್ನೇ ಮಾಡಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಸೊಸೆಯಾಗಿ ಹೋದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ತಮ್ಮ ಸೀರೆಗಳನ್ನು ಅವನ ಗಿಣಿಗಳ ಕಾವಲಿನಲ್ಲಿ ಇಟ್ಟವರೇ.

ಆಳು ಸಾಧು. ಮಾತು ಕಡಿಮೆ. ಆದರೆ ಒಂದು ಚಟವಿತ್ತು. ತುಕ್ಕು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಅಂಗಿಯ ಕಿಸೆಯಲ್ಲಿ ಬೀಡಿಕಟ್ಟಿನ ಬದಲು ನಾಲ್ಕು ಮಡಿಕೆ ಮಾಡಿದ ಪಾಲೀಸು ಕಾಗದ ಇರುತ್ತಿತ್ತು. ಬೀಗರ ಮನೆಗೆ ಹೋದರೆ ಕಾಲು ತೊಳೆಯುವುದಕ್ಕೂ ಮೊದಲು ಬಾಗಿಲ ಚಿಲಕ ನೋಡುತ್ತಿದ್ದ. ತುಕ್ಕು ಹಿಡಿದಿದ್ದರೆ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ತಿಕ್ಕಲು ಶುರು. ಹೆಂಡತಿ ಹಂಪವ್ವನಿಗೆ ಇದರಿಂದ ಮುಖ ಎತ್ತಲಾಗದಂತೆ ಆಗುತ್ತಿತ್ತು. "ಹೆಣ್ಣು ನೋಡಾಕ ಹೋದಾಗ ಹೆಣ್ಣಿನ ಮಾರಿ ನೋಡಲಿಲ್ರಿ ಇವರು, ಅವರ ಮನಿ ತೊಟ್ಟಿಲ ಕೊಂಡಿ ನೋಡಿ ಬಂದ್ರು" ಎಂದು ತಮ್ಮನ ಮದುವೆಯ ಕಥೆಯನ್ನು ಅವಳು ಓಣಿಯಲ್ಲೆಲ್ಲ ಹೇಳಿದ್ದಳು.

ಎಪ್ಪತ್ತಾರನೆಯ ಇಸವಿಯ ಸಂಕ್ರಾಂತಿ ಮುಗಿದ ಮೇಲೆ ಕಳಕಪ್ಪ ತಗಡು ತರಲೆಂದು ಕುಷ್ಟಗಿ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿಟಕಿಗೆ ಅಡ್ಡ ಹಾಕಿದ ಕಬ್ಬಿಣದ ಸರಳಿನ ಮೇಲೆ ಅರಿಶಿನ ಬಣ್ಣದ ತುಕ್ಕು. ಒಂದು ಮೈಲಿಯವರೆಗೆ ತಡೆದುಕೊಂಡ. ಎರಡನೇ ಮೈಲಿಗೆ ಕಿಸೆಯಿಂದ ಕಾಗದ ಹೊರಬಂತು.

ಕರಕರ ಸದ್ದು ಕೇಳಿ ಕಂಡಕ್ಟರ್ ಹಿಂದಿನಿಂದ ಬಂದ. "ಏ ಯಜಮಾನಾ, ಏನ್ ನಡಿಸೀಯೋ? ಬಸ್ಸು ಸರಕಾರದ್ದೈತಿ, ನಿಂದಲ್ಲ."

"ಬಸ್ಸು ಸರಕಾರದ್ದು ಖರೇರಿ. ಜಂಗು ಯಾರದೂ ಅಲ್ಲಲ್ರಿ? ಅದನ್ನಷ್ಟ ತಗೀತೇನಿ" ಎಂದ ಕಳಕಪ್ಪ, ಕೈ ನಿಲ್ಲಿಸದೆ.

ಆಚೆ ಕಡೆಯ ಸೀಟಿನಿಂದ ಒಬ್ಬ ಹೆಂಗಸು ಗಟ್ಟಿಯಾಗಿ ನಕ್ಕಳು. ಅರವತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಒಂದು ಬುಟ್ಟಿ. ತಾವರಗೇರಾದ ಶೇಂಗಾ ವ್ಯಾಪಾರಸ್ಥರ ಮನೆಯ ಗುರುಲಿಂಗಮ್ಮ ಅವಳು. ಅವನ ಕೈಕೆಲಸವನ್ನು ಆಕೆ ಬಹಳ ಹೊತ್ತಿನಿಂದ ನೋಡುತ್ತಿದ್ದಳು.

"ತಮ್ಮಾ, ಇದು ನಿನ್ನ ಉದ್ಯೋಗೇನು?"

"ಅಲ್ರೀ ಅವ್ವಾರ. ನಾ ಟ್ರಂಕ ಮಾಡಾಂವ. ಇದು ಸುಮ್ನ."

"ಸುಮ್ನ ಮಾಡೂದ ಇಷ್ಟು ಛಲೋ ಮಾಡ್ತಿ. ನಮ್ಮನ್ಯಾಗ ಒಂದು ಕಾರ ಐತಿ. ಒಳಗೆಲ್ಲ ಜಂಗು ತಿಂದೈತಿ. ಬಂದು ನೋಡ್ತೀಯೇನು?"

ಕಳಕಪ್ಪನ ಕೈ ಈಗ ನಿಂತಿತು. "ಕಾರಿನ ಕೆಲಸ ನಂಗ ಗೊತ್ತಿಲ್ರಿ. ಕಾರಿನ್ಯಾಗ ಒಮ್ಮಿನೂ ಕುಂತಾಂವಲ್ಲ ನಾ."

"ಛಲೋ ಆತಲ್ಲ! ಕುಂತು ಗೊತ್ತಿದ್ದವರು ಮೂರು ಮಂದಿ ಬಂದು ನೋಡಿ, ಇದು ಆಗೂದಿಲ್ಲ ಅಂತ ಹೇಳಿ ಹೋಗ್ಯಾರ. ನೀ ಬಾ."

ಅವನು ತಗಡು ಕೊಳ್ಳದೆ ಅದೇ ದಿನ ತಾವರಗೇರಾಕ್ಕೆ ಹೋದ.

ಗೋದಾಮಿನ ಮೂಲೆಯಲ್ಲಿ, ಶೇಂಗಾ ಚೀಲಗಳ ಹಿಂದೆ, ಆ ಕಾರು ನಿಂತಿತ್ತು. ಕಪ್ಪು ಬಣ್ಣದ ಹಳೆಯ ಆಸ್ಟಿನ್. ನಿಜಾಮನ ಆಳ್ವಿಕೆ ಮುಗಿದು ಅಧಿಕಾರಿಯೊಬ್ಬರು ರಾಯಚೂರು ಬಿಟ್ಟು ಹೊರಟಾಗ ಗುರುಲಿಂಗಮ್ಮನ ಗಂಡ ಅದನ್ನು ಅವರಿಂದ ಕೊಂಡಿದ್ದ. ಹನ್ನೊಂದು ವರ್ಷ ಓಡಾಡಿಸಿ ತೀರಿಕೊಂಡ. ಆಮೇಲೆ ಹದಿನಾಲ್ಕು ವರ್ಷ ಅದು ನಿಂತಲ್ಲೇ ನಿಂತಿತ್ತು. ಮಾಡು ಸೋರಿ ಪ್ರತಿ ಮಳೆಗಾಲವೂ ಒಳಗೆ ನೀರು ಇಳಿದಿತ್ತು. ಕೊಪ್ಪಳದಿಂದ ಬಂದ ಮಿಸ್ತ್ರಿ ಮಕ್ಬುಲಸಾಬ ಹೋದ ತಿಂಗಳಷ್ಟೇ ಇಂಜಿನ್ನನ್ನು ಬಿಚ್ಚಿ, ಸರಿ ಮಾಡಿ, ಗರ್ರೆನ್ನಿಸಿ ಹೋಗಿದ್ದ. "ಎದಿ ಗಟ್ಟಿ ಐತ್ರಿ ಅಮ್ಮಾ. ಆದ್ರ ಒಳಗಿನ ಎಲುವು ಉಳಿದಿಲ್ಲ. ಅದು ನನ್ನ ಕೈಯಾಗಿನ ಕೆಲಸಲ್ಲ" ಎಂದಿದ್ದನಂತೆ.

ಗುರುಲಿಂಗಮ್ಮನ ಮಗ ದೇವೇಂದ್ರಪ್ಪನಿಗೆ ಈ ಉಸಾಬರಿಯೇ ಬೇಕಿರಲಿಲ್ಲ. ಗಂಗಾವತಿಯ ಗುಜರಿಯವನಿಗೆ ಹೇಳಿಯಾಗಿತ್ತು. ಕಾರು ಹೋದರೆ ಇನ್ನೂ ನಲವತ್ತು ಚೀಲ ಹಿಡಿಯುವ ಜಾಗ ಸಿಗುತ್ತಿತ್ತು. "ನೋಡಪಾ, ಉಗಾದಿ ತನಕ ಸುಮ್ನಿರ್ತೇನಿ, ನಮ್ಮವ್ವನ ಸಲುವಾಗಿ. ಆಮ್ಯಾಲ ತೂಕಕ್ಕ ಹಾಕೂದ" ಎಂದ.

ಕಳಕಪ್ಪ ಮುಂದಿನ ಬಾಗಿಲು ಜಗ್ಗಿ ತೆಗೆದು, ದೇವರ ಗುಡಿಗೆ ಹೋಗುವವನಂತೆ ಚಪ್ಪಲಿ ಬಿಟ್ಟು, ಒಳಗೆ ಬಲಗಾಲಿಟ್ಟ. ಕಾಲು ಒಳಗೆ ನಿಲ್ಲಲಿಲ್ಲ. ತಳದ ತಗಡು ಹಪ್ಪಳದಂತೆ ಮುರಿದು, ಪಾದ ನೇರ ಗೋದಾಮಿನ ನೆಲಕ್ಕೆ ಮುಟ್ಟಿತು. ದೇವೇಂದ್ರಪ್ಪ ಬಿದ್ದು ಬಿದ್ದು ನಕ್ಕ. ಕಳಕಪ್ಪ ಮಾತ್ರ ನಗಲಿಲ್ಲ, ಕಾಲನ್ನೂ ತೆಗೆಯಲಿಲ್ಲ. ಮೊಣಕಾಲವರೆಗೆ ಕಾರಿನೊಳಗೆ ನಿಂತು, ಬಗ್ಗಿ, ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನಿಗೆ ಒಳಗೊಳಗೇ ಧೈರ್ಯ ಬಂತು. ಇಂಥದನ್ನು ಅವನು ಎಷ್ಟೋ ಸಲ ನೋಡಿದ್ದ.

"ತಳ ಹೋದ ಟ್ರಂಕ ಇದು. ಬ್ಯಾರೆ ಏನಲ್ಲ" ಎಂದ.

ಬೆಲ್ಲ ನೀರು ಕುಡಿಯುವಾಗ ಅವನು ಒಂದು ಮಾತು ಕೇಳಿದ. "ಅವ್ವಾರ, ಬಸ್ಸಿನ್ಯಾಗ ಆರಾಮ ಅಡ್ಡಾಡ್ತೀರಿ. ಈ ಕಾರ ಯಾಕ ಬೇಕು ನಿಮಗ?"

ಗುರುಲಿಂಗಮ್ಮ ಗೋದಾಮಿನ ಮೂಲೆಯ ಕಡೆ ನೋಡಿದಳು. "ಹನ್ನೊಂದು ವರ್ಷ ಆ ಕಾರಿನ್ಯಾಗ ಅಡ್ಡಾಡೇನಿ ತಮ್ಮಾ. ಅವರು ಮುಂದ, ನಾ ಹಿಂದ. ಕಿಟಕಿಗೆ ಅರಿವಿ ಕಟ್ಟತಿದ್ರು. ದಾರಿ ಅಂತ ನಾ ನೋಡಿದ್ದು ಅವರ ರುಮಾಲ ಒಂದ. ಸಿದ್ದಾಪುರದಾಗ ನಮ್ಮ ತಂಗಿ ಪಂಪಮ್ಮ ಅದಾಳ. ಅಕೀ ಮನಿಗೆ ಒಮ್ಮಿ ಮುಂದ ಕುಂತು ಹೋಗಬೇಕು. ಇಷ್ಟ."

ನಾಲ್ಕು ದಿನ ಬಿಟ್ಟು ಕಳಕಪ್ಪ ಅಂಗಡಿಗೆ ಬೀಗ ಹಾಕಿ, ಕತ್ತರಿ ಸುತ್ತಿಗೆಗಳ ಗಂಟು ಹೊತ್ತು ಬಂದ.

ಆದರೆ ಕೆಲಸ ಶುರು ಮಾಡಲು ಹೋದರೆ ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕುಳಿತಿತ್ತು. ಗೋದಾಮು ಗುಡಿಸುವ ಮಾರೆವ್ವನ ಕೋಳಿ. ಕಳಕಪ್ಪ ಕೈ ಚಾಚಿದ್ದೇ ತಡ, ಅದು ಅವನ ಹೆಬ್ಬೆರಳನ್ನು ಕುಕ್ಕಿ ರಕ್ತ ತೆಗೆಯಿತು.

"ಅದನ್ನ ಎಬ್ಬಿಸಬ್ಯಾಡೋ ಯಪ್ಪಾ!" ಎಂದು ಮಾರೆವ್ವ ಪೊರಕೆ ಹಿಡಿದೇ ಓಡಿ ಬಂದಳು. "ಇನ್ನ ಹತ್ತು ದಿನ. ಮರಿ ಬಂದ ಮ್ಯಾಲ ತಾನ ಇಳೀತೈತಿ."

ಲಿಂಗವಂತರ ಮನೆಯ ಗೋದಾಮಿನಲ್ಲಿ ಕೋಳಿ! ಕಳಕಪ್ಪ ಗುರುಲಿಂಗಮ್ಮನ ಮುಖ ನೋಡಿದ. ಆಕೆ ಶೇಂಗಾ ಚೀಲಗಳ ಕಡೆ ತಿರುಗಿ ನಿಂತಿದ್ದಳು. "ನಾ ಅತ್ತಾಗ ನೋಡೇ ಇಲ್ಲಪಾ. ನೀ ಮುಂದಿನ ಕೆಲಸ ಮೊದಲ ಮಾಡು."

ಹಾಗೆ ಹತ್ತು ದಿನ ಆ ಕೋಳಿ ಸಾವ್ಕಾರ್ತಿಯಂತೆ ಹಿಂದೆ ಕುಳಿತು ಕಳಕಪ್ಪನ ಕೆಲಸದ ಮೇಲೆ ನಿಗಾ ಇಟ್ಟಿತು. ಅವನು ಮುಂದಿನ ಸೀಟುಗಳನ್ನು ಬಿಚ್ಚಿದ. ಹಳೆಯ ಪತ್ರಿಕೆಗಳನ್ನು ತಳಕ್ಕೆ ಹಾಸಿ, ಅಂಚು ಒತ್ತಿ, ಅಳತೆಯ ನಕ್ಷೆ ತೆಗೆದ. ತುಕ್ಕು ತಿಂದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹಾಕಿ, ದಪ್ಪ ತಗಡಿನಲ್ಲಿ ಹೊಸ ತಳ ಮಾಡಿ, ಅಂಚು ಮಡಿಸಿ ರಿವೆಟ್ ಹೊಡೆದ. ಕೆಳಗಿನಿಂದ ಡಾಂಬರು ಬಳಿದ. ಟ್ರಂಕಿನಲ್ಲಿ ಮಾಡುತ್ತಿದ್ದ ಹಾಗೆಯೇ ನಡುವೆ ಎರಡು ಉಬ್ಬು ಗೆರೆ ಎಬ್ಬಿಸಿದ, ತಗಡು ಬಾಗಬಾರದೆಂದು. ಮುಗಿದ ಮೇಲೆ ಅದರ ಮೇಲೆ ಹತ್ತಿ ಕುಣಿದು ನೋಡಿದ. ಗೋದಾಮಿನ ಹಮಾಲರಿಬ್ಬರನ್ನೂ ಕರೆದು ಕುಣಿಸಿದ. ಕೋಳಿ ಬೈದುಕೊಂಡಿತೇ ಹೊರತು ತಳ ಅಲುಗಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಾಗ. ತೊಡಕು ಬಂದದ್ದು ಸಣ್ಣ ಸಾಮಾನುಗಳಲ್ಲಿ. ಸೀಟು ಹಿಂದೆ ಮುಂದೆ ಸರಿಯುವ ಹಳಿ, ಕಿಟಕಿಯ ಗಾಜು ಏರಿಸಿ ಇಳಿಸುವ ಹಲ್ಲಿನ ಚಕ್ರ, ಬಾಗಿಲ ಒಳಗಿನ ಹಿಡಿಕೆ, ಸ್ಪ್ರಿಂಗುಗಳು, ಎಲ್ಲವೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಕುಳಿತಿದ್ದವು. ಆ ಸಂದುಗಳಿಗೆ ಪಾಲೀಸು ಕಾಗದ ಹೋಗುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿದ, ಅವು ಬೇರೆಯಾದವು, ಆದರೆ ತುಕ್ಕು ಬಿಡಲಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು. ಅವಸರಕ್ಕೆ ಬಿದ್ದು ಅವನು ಲಾರಿಯವರಿಂದ ಬ್ಯಾಟರಿಯ ತೇಜಾಬು ಇಸಿದುಕೊಂಡು ಬಂದ. ಬಾಗಿಲಿನ ಹಿಡಿಕೆಯನ್ನು ಅದರಲ್ಲಿ ಮುಳುಗಿಸಿ ಊಟಕ್ಕೆ ಹೋದ. ಬಂದು ತೆಗೆದರೆ ಹಿಡಿಕೆ ಲಕಲಕ ಹೊಳೆಯುತ್ತಿತ್ತು. ಖುಷಿಯಿಂದ ತಿರುಗಿಸಿ ನೋಡಿದ. ಕಟ್ ಎಂದು ಎರಡು ತುಂಡಾಯಿತು. ತೇಜಾಬು ತುಕ್ಕಿನ ಸಂಗಡ ಕಬ್ಬಿಣವನ್ನೂ ತಿಂದಿತ್ತು.

ಇಪ್ಪತ್ತು ವರ್ಷದಲ್ಲಿ ಅವನು ಇನ್ನೊಬ್ಬರ ಸಾಮಾನು ಮುರಿದಿರಲಿಲ್ಲ. ತುಂಡುಗಳನ್ನು ಟವೆಲಿನಲ್ಲಿ ಸುತ್ತಿ, ಯಾರಿಗೂ ಹೇಳದೆ ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಬಂದುಬಿಟ್ಟ.

ಹಂಪವ್ವ ಹಿತ್ತಲಿನಲ್ಲಿ ತಂಬಿಗೆ ತಿಕ್ಕುತ್ತಿದ್ದಳು. ಗಂಡನ ಮುಖ ನೋಡಿ ಕೈ ನಿಲ್ಲಿಸಿದಳು. ಅವನು ಟವೆಲು ಬಿಚ್ಚಿ ತೋರಿಸಿ, ಆದದ್ದನ್ನೆಲ್ಲ ಹೇಳಿದ. ಇನ್ನು ಆ ಊರಿಗೆ ಹೋಗುವುದಿಲ್ಲ, ಗಂಟು ಅಲ್ಲೇ ಬಿದ್ದಿರಲಿ ಎಂದ.

"ಈ ಹಿತ್ತಾಳಿ ತಂಬಿಗಿ ಯಾವುದ್ರಿಂದ ತಿಕ್ಕಾಕತ್ತೇನಿ?" ಎಂದು ಕೇಳಿದಳು ಹಂಪವ್ವ.

"ಹುಣಸಿಹಣ್ಣಿನಿಂದ."

"ಇಷ್ಟು ವರ್ಷದಾಗ ತಂಬಿಗಿ ಕರಗೇತೇನು?"

"ಅದು ಹಿತ್ತಾಳಿ. ಇದು ಕಬ್ಬಿಣ. ನಿನಗೇನ ತಿಳೀತೈತಿ?"

ಹಂಪವ್ವ ಎದ್ದಳು. ಅಟ್ಟದ ಮೇಲಿನಿಂದ ತುಕ್ಕು ಹಿಡಿದ ಒಂದು ಹಳೆಯ ಕುಡುಗೋಲು ತೆಗೆದು, ಹುಣಸೆಹಣ್ಣು ಕಿವಿಚಿದ ಮಂದ ನೀರಿನ ಗಡಿಗೆಗೆ ಹಾಕಿ, ಮೇಲೆ ತಟ್ಟೆ ಮುಚ್ಚಿದಳು. ಮಾರನೆಯ ದಿನ ಮಧ್ಯಾಹ್ನ ಅವನನ್ನು ಕರೆದಳು. ನೀರು ಮಸಿಯಂತೆ ಕಪ್ಪಾಗಿತ್ತು. ಕುಡುಗೋಲನ್ನು ತೆಂಗಿನ ನಾರಿನಿಂದ ನಾಲ್ಕು ಸಲ ತಿಕ್ಕಿದಳು. ಒಂದು ಚುಕ್ಕೆ ತುಕ್ಕಿಲ್ಲ. ಹಲ್ಲು ಹಲ್ಲೂ ಎದ್ದು ಕಾಣುತ್ತಿತ್ತು, ಕಬ್ಬಿಣ ಇದ್ದಷ್ಟು ಇತ್ತು.

ಕಳಕಪ್ಪ ಕುಡುಗೋಲನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದ. ಮದುವೆಯಾದ ಹದಿನೆಂಟು ವರ್ಷವೂ ತನ್ನ ಹಿತ್ತಲಿನಲ್ಲೇ ಈ ವಿದ್ಯೆ ಇತ್ತಲ್ಲ ಎಂದು ಅವನಿಗೆ ಒಂದು ರೀತಿ ನಾಚಿಕೆಯಾಯಿತು. ಅದನ್ನು ಬಾಯಿಬಿಟ್ಟು ಹೇಳುವ ಮನುಷ್ಯ ಅವನಲ್ಲ. "ಎಷ್ಟು ಹುಣಸಿಹಣ್ಣು ಬೇಕಾದೀತು?" ಎಂದಷ್ಟೇ ಕೇಳಿದ.

"ಎಷ್ಟು ಬೇಕು, ಎಷ್ಟು ಹೊತ್ತು ಇಡಬೇಕು, ನಾ ನೋಡಿದ ಮ್ಯಾಲ ಗೊತ್ತಾಗ್ತೈತಿ. ನಾನೂ ಬರ್ತೇನಿ."

ಮರುದಿನ ಇಬ್ಬರೂ ಬಸ್ಸಿನಲ್ಲಿ ಹೊರಟರು, ನಡುವೆ ಒಂದು ಚೀಲ ಹುಣಸೆಹಣ್ಣು.

ಗುರುಲಿಂಗಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಕಳಕಪ್ಪ ಮುರಿದ ಹಿಡಿಕೆಯನ್ನು ಅವಳ ಮುಂದಿಟ್ಟು ತಲೆ ತಗ್ಗಿಸಿದ. "ನಾನ ಮುರಿದೇನ್ರಿ."

"ಅದಕ್ಕ ಹೇಳದ ಕೇಳದ ಓಡಿ ಹೋಗಿದ್ದೇನು?"

"ಹೌದ್ರೀ."

"ಮತ್ತ ಬಂದ್ಯಲ್ಲ. ಇಲ್ಲಂದ್ರ ನಮ್ಮ ದೇವೇಂದ್ರಪ್ಪ ನಾಳೆ ಗುಜರಿಯಾಂವನ್ನ ಕರಸಾಂವಿದ್ದ." ಆಕೆ ತುಂಡುಗಳನ್ನು ಪಕ್ಕಕ್ಕೆ ಸರಿಸಿ ಹಂಪವ್ವನ ಕಡೆ ನೋಡಿದಳು. "ಈಕಿ ಯಾರು? ಬಾ ತಂಗಿ, ಒಳಗ ಬಾ. ಮೊದಲ ಊಟ ಮಾಡ್ರಿ."

ಅಂದಿನಿಂದ ಗೋದಾಮಿನ ಅಂಗಳಕ್ಕೆ ಕಳೆ ಬಂತು. ನೀರು ತುಂಬುವ ದೊಡ್ಡ ಮಣ್ಣಿನ ಬಾನಿಯಲ್ಲಿ ಹುಣಸೆಹುಳಿ ಕಲೆಸಿ ಸಾಮಾನುಗಳನ್ನು ಮುಳುಗಿಸಿದರು. ದಪ್ಪನೆಯವು ಮೂರು ದಿನ, ತೆಳುವಾದವು ಒಂದೇ ದಿನ, ಸ್ಪ್ರಿಂಗು ಬೆಳಗಿನಿಂದ ಸಂಜೆಯವರೆಗೆ ಮಾತ್ರ. ಹೀಗೆ ಹಂಪವ್ವನ ಕಾಯಿದೆ. ತೆಗೆದದ್ದನ್ನು ಬೂದಿ ನೀರಿನಲ್ಲಿ ಅದ್ದಿ, ನಾರಿನಿಂದ ತಿಕ್ಕಿ, ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಒಣಗಿಸಿ, ಬಿಸಿ ಇರುವಾಗಲೇ ಔಡಲ ಎಣ್ಣೆ ಸವರಬೇಕು. ಬಾನಿಯ ಸುತ್ತ ಹಂಪವ್ವ, ಮಾರೆವ್ವ, ಗುರುಲಿಂಗಮ್ಮ ಮೂವರೂ ಮುಸುರೆ ತಿಕ್ಕುವವರಂತೆ ಕುಳಿತು ಕಾರಿನ ಹೊಟ್ಟೆಯೊಳಗಿನ ಚೂರುಗಳನ್ನು ತಿಕ್ಕುತ್ತಿದ್ದರು. ಊರ ಸುದ್ದಿಯೆಲ್ಲ ಅಲ್ಲಿ ಬಂದು ಹೋಗುತ್ತಿತ್ತು. ನೀರು ತಂದು ಸುರಿಯುವ ಕೆಲಸ ಕಳಕಪ್ಪನ ಪಾಲಿಗೆ ಬಂತು. ಸಾವ್ಕಾರ್ತಿಯ ಕೈ ಕಪ್ಪಾದದ್ದನ್ನು ನೋಡಿ ದೇವೇಂದ್ರಪ್ಪ, "ಯವ್ವಾ, ಮಂದಿ ಏನಂದಾರು?" ಎಂದ. "ನೀನೂ ಒಂದು ಸ್ಪ್ರಿಂಗ ತಗೊಂಡು ಕುಂದ್ರು. ಮಂದಿ ಇಬ್ಬರಿಗೂ ಕೂಡೇ ಅಂತಾರ" ಎಂದಳು ಆಕೆ.

ಮುರಿದ ಹಿಡಿಕೆಯ ಜಾಗಕ್ಕೆ ಕಳಕಪ್ಪ ತನ್ನ ಅಂಗಡಿಯಿಂದ ಟ್ರಂಕಿನ ಹಿತ್ತಾಳೆಯ ಹಿಡಿಕೆಯೊಂದನ್ನು ತಂದು, ಅರದಿಂದ ಉಜ್ಜಿ, ಕಬ್ಬಿಣದ ಸರಳಿಗೆ ಬೆಸೆದು ಕೂರಿಸಿದ. ನೋಡಲು ಬೇರೆಯಾಗಿ ಕಂಡಿತು. ಆದರೆ ಆ ಬಾಗಿಲು ಉಳಿದ ಮೂರಕ್ಕಿಂತ ಮೆತ್ತಗೆ ತೆರೆಯುತ್ತಿತ್ತು.

ಮಾರೆವ್ವ ಹೇಳಿದ್ದ ಹತ್ತು ದಿನ ಮುಗಿದ ಬೆಳಿಗ್ಗೆಯೇ ಕೋಳಿ ಒಂಬತ್ತು ಮರಿಗಳ ಸಮೇತ ಸೀಟಿನಿಂದ ಇಳಿದು, ಹೊಸ ತಳದ ಮೇಲೆ ಟಕಟಕ ನಡೆದು ಹೊರಗೆ ಹೋಗಿತ್ತು. ಈಗ ಹಿಂದಿನ ಸೀಟಿನ ಸ್ಪ್ರಿಂಗುಗಳೂ ಬಾನಿಗೆ ಬಂದವು.

ಕೊನೆಗೆ ಉಳಿದದ್ದು ಮುಂದಿನ ಗಾಜಿನ ಕೆಳಗಿರುವ ಉದ್ದ ಫಲಕ, ಮೀಟರು ಕೂರಿಸಿರುವಂಥದು. ಅದರ ತುಕ್ಕು ಹೋಗಿತ್ತು, ಆದರೆ ತಗಡಿನ ಮೇಲೆ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಗುಳಿ ಉಳಿದಿದ್ದವು. ಕೆಂಪು ಪ್ರೈಮರ್ ಕೊಟ್ಟು, ಮೇಲೆ ಕಪ್ಪು ಬಣ್ಣ ಬಳಿದ. ಗುಳಿಗಳು ಇನ್ನಷ್ಟು ಎದ್ದು ಕಂಡವು. ಟ್ರಂಕಿನ ತಗಡಿನಲ್ಲಿ ಇಂಥ ಕಲೆ ಬಂದಾಗ ಅವನು ಅದರ ಮೇಲೆ ಒಂದು ಹೂವು ಬರೆದುಬಿಡುತ್ತಿದ್ದ. ಗುರುಲಿಂಗಮ್ಮನ ಮನೆಯವರೆಲ್ಲ ಯಾವುದೋ ನಾಮಕರಣಕ್ಕೆ ಹೋಗಿದ್ದ ಒಂದು ದಿನ ಅವನು ಬಣ್ಣದ ಡಬ್ಬಿಗಳನ್ನು ತೆರೆದ. ಒಂದು ಗುಳಿಯ ಮೇಲೆ ಒಂದು ಕೆಂಪು ಹೂವು. ಹೂವಿಗೆ ಬಳ್ಳಿ ಬೇಕಲ್ಲ, ಬಳ್ಳಿ ಬಂತು. ಬಳ್ಳಿ ಮೀಟರಿನವರೆಗೆ ಹೋಗಿ ನಿಂತಿತು. ಅಲ್ಲಿ ಕೈ ತಾನಾಗಿಯೇ ಗಿಣಿ ಬರೆಯಿತು. ಬರೆದು ಮುಗಿದ ಮೇಲೆಯೇ ಅವನಿಗೆ ಎಚ್ಚರವಾದದ್ದು.

"ಅಯ್ಯ, ಏನ್ ಮಾಡಿದ್ರಿ ಇದು!" ಎಂದು ಹಂಪವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಒರೆಸುವ ಮೊದಲೇ ಮನೆಯವರು ಬಂದರು. ದೇವೇಂದ್ರಪ್ಪ ಬಗ್ಗಿ ನೋಡಿ ಅಲ್ಲೇ ನಿಂತುಬಿಟ್ಟ. "ಕಳಕಪ್ಪಾ! ಇದು ಕಾರೋ, ಮದಲಗಿತ್ತಿ ಟ್ರಂಕೋ? ನಾ ಊರಾಗ ಹ್ಯಾಂಗ ಅಡ್ಡಾಡಲಿ?"

ಗುರುಲಿಂಗಮ್ಮ ಅವನನ್ನು ಸರಿಸಿ ತಾನು ತಲೆ ಒಳಗೆ ಹಾಕಿದಳು. ಬಹಳ ಹೊತ್ತು ನೋಡಿದಳು. ಸೀಮೆಎಣ್ಣೆಯ ಅರಿವೆ ಆಗಲೇ ಕಳಕಪ್ಪನ ಕೈಯಲ್ಲಿತ್ತು.

"ಇನ್ನೊಂದು ಎಲ್ಲಿ?" ಎಂದಳು ಆಕೆ.

"ಏನ್ರೀ ಅವ್ವಾರ?"

"ಇನ್ನೊಂದು ಗಿಣಿ. ಒಂಟಿ ಗಿಣಿ ಯಾಕ ಬರದಿ?"

"ಮೀಟರ ಅಡ್ಡ ಬಂತ್ರಿ."

"ಮೀಟರ ಅಡ್ಡ ಬಂದ್ರ ಆಚಿಕಡೆ ಸಾಮಾನ ಇಡೂ ಖಾನಿ ಐತಲ್ಲ, ಅದರ ಬಾಗಲಕ ಬರಿ. ನಾ ಕುಂದ್ರೂ ಕಡೆ. ಇದು ಪೂರಾ ಆಗಿಲ್ಲ ಇನ್ನ."

ಎರಡನೇ ಗಿಣಿ ಬಂತು. ದೇವೇಂದ್ರಪ್ಪ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಪೇಟೆಯ ನಾಲ್ಕು ಮಂದಿ ವ್ಯಾಪಾರಸ್ಥರನ್ನು ತಾನೇ ಗೋದಾಮಿಗೆ ಕರೆತಂದು, "ನೋಡ್ರಿ, ಇಡೀ ಜಿಲ್ಲಾದಾಗ ಇಂಥಾದ್ದಿಲ್ಲ" ಎಂದು ತೋರಿಸುತ್ತಿದ್ದ.

ಯುಗಾದಿಗೆ ಎಂಟು ದಿನವಿರುವಾಗ ಒಂದು ಸೋಮವಾರ ಮಕ್ಬುಲಸಾಬ ಬಂದು ಕಾರನ್ನು ಬಿಸಿಲಿಗೆ ತಂದ. ಓಣಿಗೆ ಓಣಿಯೇ ಸೇರಿತ್ತು. ದೇವೇಂದ್ರಪ್ಪ ರೂಢಿಯಂತೆ ಹಿಂದಿನ ಬಾಗಿಲು ತೆಗೆದು ತಾಯಿಗಾಗಿ ನಿಂತ. ಗುರುಲಿಂಗಮ್ಮ ಅವನನ್ನು ದಾಟಿ ಹೋಗಿ, ಮುಂದಿನ ಬಾಗಿಲು ತೆಗೆದು, ಸೆರಗು ಸರಿ ಮಾಡಿಕೊಂಡು ಕುಳಿತಳು. ತೆಗೆದು ಹಿಡಿದ ಬಾಗಿಲಿನ ಮುಂದೆ ಮಗ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ತಾನೇ ಹಿಂದೆ ಹತ್ತಿದ. ಪಕ್ಕದಲ್ಲಿ ಹಂಪವ್ವ, ಆಚೆ ತುದಿಗೆ ಕಳಕಪ್ಪ. ಕಳಕಪ್ಪ ಮತ್ತೆ ಚಪ್ಪಲಿ ಬಿಟ್ಟು ಹತ್ತಲು ಹೋದ. "ಹಾಕ್ಕೊಂಡ ಹತ್ತೋ, ನಿನ್ನ ತಗಡ ಅದು" ಎಂದ ದೇವೇಂದ್ರಪ್ಪ.

ಕನಕಗಿರಿಯ ದಾರಿಯಲ್ಲಿ ಎದುರಿಗೆ ಒಂದು ಲಾರಿ ಧೂಳೆಬ್ಬಿಸುತ್ತ ಬಂತು. "ಗಾಜು ಏರಸ್ರಿ!" ಎಂದ ಮಕ್ಬುಲಸಾಬ. ದೇವೇಂದ್ರಪ್ಪ ಗಡಬಡಿಸಿ ಹಿಡಿಕೆ ತಿರುಗಿಸಿದ. ಅರ್ಧ ಏರಿದ್ದ ಗಾಜು ಸರಸರನೆ ಪೂರ್ತಿ ಕೆಳಗಿಳಿಯಿತು. ಇನ್ನೂ ಜೋರಾಗಿ ಅದೇ ಕಡೆ ತಿರುಗಿಸಿದ. ಅಷ್ಟರಲ್ಲಿ ಲಾರಿ ದಾಟಿತು. ಧೂಳು ಇಳಿದಾಗ ಅವನ ಹುಬ್ಬು ಮೀಸೆ ಎಲ್ಲ ಒಂದೇ ಬಣ್ಣ.

ಕಳಕಪ್ಪನಿಗೆ ತಕ್ಷಣ ತಿಳಿಯಿತು. ಬಾನಿಯಿಂದ ತೆಗೆದು ಕೂರಿಸುವಾಗ ಎಡಬಾಗಿಲ ಚಕ್ರ ಬಲಕ್ಕೂ ಬಲದ್ದು ಎಡಕ್ಕೂ ಹೋಗಿದ್ದವು. "ಸಾವ್ಕಾರ್ರ... ಉಲ್ಟಾ ತಿರುಗಸ್ರಿ" ಎಂದ ಸಣ್ಣ ದನಿಯಲ್ಲಿ. ಮೊದಲು ನಕ್ಕವಳು ಹಂಪವ್ವ, ಆಮೇಲೆ ಮಕ್ಬುಲಸಾಬ. ಕೊನೆಗೆ ದೇವೇಂದ್ರಪ್ಪನೂ ಧೂಳು ಉಗುಳುತ್ತ ನಕ್ಕುಬಿಟ್ಟ.

ಮುಂದೆ ಕುಳಿತ ಗುರುಲಿಂಗಮ್ಮ ಮಾತ್ರ ತಿರುಗಿ ನೋಡಲಿಲ್ಲ. ಎರಡೂ ಕೈಗಳನ್ನು ಫಲಕದ ಮೇಲಿಟ್ಟು, ಮುಂದೆ ಬಾಗಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕಪ್ಪು ಹೊಲಗಳು, ಜಾಲಿ ಗಿಡಗಳು, ಗುಂಡುಕಲ್ಲಿನ ಗುಡ್ಡಗಳು ಅವಳೆಡೆಗೆ ಬಂದು ಬಂದು ಎರಡೂ ಬದಿಗೆ ಸರಿಯುತ್ತಿದ್ದವು. ಕನಕಗಿರಿ ದಾಟಿದ ಮೇಲೆ ಬಾಯಿಬಿಟ್ಟಳು.

"ರಸ್ತಾ ಇಷ್ಟು ಅಗಲ ಐತೇನು!"

ಮಕ್ಬುಲಸಾಬ ಅವಳ ಮುಖ ನೋಡಿದ. ಗಾಡಿಯನ್ನು ಸ್ವಲ್ಪ ನಿಧಾನ ಮಾಡಿದ.

ಗಂಗಾವತಿಯಲ್ಲಿ ಚಹಾಕ್ಕೆ ನಿಂತಾಗ ಜನ ಮುತ್ತಿಕೊಂಡರು. ಅಕ್ಕಿ ಗಿರಣಿಯ ಮುಂದೆ ಸಾಲಾಗಿ ನಿಂತ ಲಾರಿಗಳ ಡ್ರೈವರುಗಳು ಕಿಟಕಿಯೊಳಗೆ ತಲೆ ಹಾಕಿ ಗಿಣಿಗಳನ್ನು ನೋಡಿದರು. ಆಂಧ್ರದ ಕಡೆಯ ಒಬ್ಬ ಡ್ರೈವರ್ ತಳ, ಸೀಟಿನ ಹಳಿ, ಸ್ಪ್ರಿಂಗು ಎಲ್ಲವನ್ನೂ ಮುಟ್ಟಿ ನೋಡಿ, ಅರ್ಧ ತೆಲುಗಿನಲ್ಲಿ, "ಇದು ಯಾರು ಚೇಸಿದ್ದು?" ಎಂದ. ದೇವೇಂದ್ರಪ್ಪ ಕಳಕಪ್ಪನ ಹೆಗಲ ಮೇಲೆ ಕೈಯಿಟ್ಟು ಮುಂದೆ ತಳ್ಳಿದ. ತನ್ನ ಲಾರಿಯ ಒಳಗೂ ಹೀಗೇ ಮಾಡಿಕೊಡುತ್ತೀರಾ ಎಂದು ಡ್ರೈವರ್ ಕೇಳಿದ. ಕಳಕಪ್ಪ ಹಂಪವ್ವನ ಮುಖ ನೋಡಿದ. "ಹುಣಸಿಹಣ್ಣು ಅವರ ಕೊಡಿಸಬೇಕು ಅಂತ ಹೇಳ್ರಿ" ಎಂದಳು ಅವಳು.

ಅಲ್ಲಿಂದ ಮುಂದೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ದೂರ ಹಸಿರು ಭತ್ತ. ಸಿದ್ದಾಪುರದಲ್ಲಿ ಪಂಪಮ್ಮ ಬಾಗಿಲಿಗೆ ಬಂದು, ಡ್ರೈವರಿನ ಪಕ್ಕ ಕುಳಿತ ಅಕ್ಕನನ್ನು ನೋಡಿ, "ಅಯ್ಯೋ ನನ ಶಿವನ!" ಎಂದು ನಿಂತಳು. ಗುರುಲಿಂಗಮ್ಮ ಇಳಿಯಲಿಲ್ಲ. ಸರಿದು ಜಾಗ ಮಾಡಿ, "ಮೊದಲ ನೀ ಹತ್ತು" ಎಂದಳು. ಅಕ್ಕತಂಗಿಯರಿಬ್ಬರೂ ಮುಂದೆಯೇ ಒತ್ತೊತ್ತಾಗಿ ಕುಳಿತು ಕಾಲುವೆ ದಂಡೆಯ ಮೇಲೆ ಎರಡು ಸುತ್ತು ಹೋಗಿ ಬಂದ ಮೇಲೆಯೇ ಉಳಿದವರಿಗೆ ಊಟ ಸಿಕ್ಕಿದ್ದು.

ಆ ಆಂಧ್ರದ ಡ್ರೈವರ್ ಮಾತಿಗೆ ತಪ್ಪಲಿಲ್ಲ. ಹದಿನೈದು ದಿನಕ್ಕೆ ಯಲಬುರ್ಗಾದ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದ. ಅವನನ್ನು ನೋಡಿ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಆ ಹೊತ್ತಿಗೆ ಪೇಟೆಗೆ ರೆಕ್ಸಿನ್ನಿನ ಸೂಟ್‌ಕೇಸುಗಳು ಬಂದು ಟ್ರಂಕು ಹೇಳುವವರು ಕಡಿಮೆಯಾಗಿದ್ದರು. ಎಂಬತ್ತೊಂದರಲ್ಲಿ ಕಳಕಪ್ಪ ಕುಷ್ಟಗಿಗೆ ಹೋಗುವ ರಸ್ತೆಯ ಮೇಲೆ ದೊಡ್ಡ ಚಪ್ಪರ ಹಾಕಿದ. ಟ್ರಾಕ್ಟರು, ಜೀಪು, ಒಮ್ಮೆ ಒಂದು ಟೂರಿಂಗ್ ಟಾಕೀಸಿನ ವ್ಯಾನೂ ಬಂತು. ಬಂದವರು ಮೊದಲು "ಅವ್ವಾರ ಅದಾರೇನ್ರಿ?" ಎಂದು ಕೇಳುತ್ತಿದ್ದರು, ಹಂಪವ್ವ ಬಂದು ಬೆರಳಿನಿಂದ ಒರೆಸಿ ನೋಡಿ, ಎಷ್ಟು ದಿನ ಎಂದು ಹೇಳಿದ ಮೇಲೆಯೇ ಕಳಕಪ್ಪ ನಟ್ಟು ಬಿಚ್ಚುವ ಪಾನಾ ಹಿಡಿಯುವುದು. ಅವನಿಗೆ ಅದರಿಂದ ಬೇಸರವಿರಲಿಲ್ಲ. ಮಾತಾಡುವ ಕೆಲಸ ತಪ್ಪಿತಲ್ಲ ಎಂದು ಆರಾಮವಾಗಿದ್ದ.

ಗುರುಲಿಂಗಮ್ಮ ಇನ್ನೂ ಎಂಟು ವರ್ಷ ಆ ಕಾರಿನಲ್ಲಿ ಓಡಾಡಿದಳು, ಯಾವಾಗಲೂ ಮುಂದೆಯೇ. ಆಕೆ ತೀರಿಕೊಂಡ ಮೇಲೂ ದೇವೇಂದ್ರಪ್ಪ ಅದನ್ನು ಮಾರಲಿಲ್ಲ. ನಲವತ್ತು ಚೀಲಕ್ಕೆ ಬೇರೆ ಗೋದಾಮು ಕಟ್ಟಿಸಿದ.

ಚಪ್ಪರ ಹಾಕಿದ ಹೊಸದರಲ್ಲಿ ಕಳಕಪ್ಪ ತಾನೇ ಒಂದು ಬೋರ್ಡು ಬರೆದು ರಸ್ತೆಗೆ ಕಾಣುವಂತೆ ತೂಗುಹಾಕಿದ್ದ. "ಒಳಗಿನ ತುಕ್ಕು ತೆಗೆದು ಕೊಡಲಾಗುವುದು. ಯಲಬುರ್ಗಾ." ಒಂದು ದಿನ ಕಾವಿ ಉಟ್ಟ ಹಿರಿಯ ಸ್ವಾಮಿಗಳೊಬ್ಬರು ಎತ್ತಿನ ಗಾಡಿ ನಿಲ್ಲಿಸಿ, ಬೋರ್ಡನ್ನು ಎರಡು ಸಲ ಓದಿ, ಇಳಿದು ಬಂದರು.

"ಒಳಗಿನ ತುಕ್ಕು ತೆಗೀತಿಯಂತಲ್ಲಪಾ. ಎಷ್ಟು ದಿನ ಹಿಡೀತೈತಿ?"

"ಗಾಡಿ ನೋಡಿ ಹೇಳಬೇಕ್ರಿ ಯಪ್ಪಾರ. ಎಲ್ಲೈತ್ರಿ?"

ಸ್ವಾಮಿಗಳು ತಮ್ಮ ಎದೆಯ ಮೇಲೆ ಕೈಯಿಟ್ಟು ನಕ್ಕರು. ಕಳಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿಯವರೆಗೆ ಕೆಂಪಾದ. ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಆ ಕ್ಷಣವೇ ಏಣಿ ಹಾಕಿ ಹತ್ತಿ, ಬೋರ್ಡಿನ ಮೊದಲ ಸಾಲಿನ ಮೇಲೆ ಇದ್ದಬದ್ದ ಜಾಗದಲ್ಲಿ ಇರುಕಿಸಿ "ವಾಹನದ" ಎಂದು ಬರೆದ. ಅಕ್ಷರಗಳು ಸೊಟ್ಟಗಾದವು. ಹಂಪವ್ವ ಕೆಳಗೆ ಏಣಿ ಹಿಡಿದು ನಿಂತವಳು ನಗು ತಡೆಯಲಾರದೆ ಏಣಿಯನ್ನೇ ಅಲುಗಿಸುತ್ತಿದ್ದಳು.

"ಗಟ್ಟಿ ಹಿಡಿ ಅದನ್ನ!" ಎಂದು ಅವನು ಮೇಲಿನಿಂದ ಕೂಗಿದ.